ಪ್ರಾರ್ಥನೆಗೆ ಕೂತರೆ ತಂಗಿಯ ಮುಖ ಅಡ್ಡ ಬರುತ್ತದೆ

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ, ಕ್ಯಾಥೊಲಿಕ್ ಕುಟುಂಬ. ಅಪ್ಪನ ಕಾಲದ ಅಡಿಕೆ ತೋಟ ಇದೆ. ಅಮ್ಮ ಮೊದಲೇ ಹೋಗಿದ್ದರು. ಅಪ್ಪ ವಿಲ್ ಬರೆಯದೆ ತೀರಿಕೊಂಡ ಮೇಲೆ, ಭದ್ರಾವತಿಯಲ್ಲಿರುವ ತಂಗಿ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟಳು. ‘ಅಡಿಕೆಗೆ ರೇಟು ಬಂದ ವರ್ಷ ನಿನ್ನದು ಕೊಡುತ್ತೇನೆ’ ಅಂದಿದ್ದೆ. ರೇಟು ಬಂತು. ಮನೆ ಕಟ್ಟಿದೆ, ಕಾರು ತಗೊಂಡೆ. ಅವಳಿಗೆ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಪ್ರತಿ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ‘ಮನೆಯವರ ಜೊತೆ ಪ್ರೀತಿಯಿಂದ ಇರಲಿಲ್ಲ’ ಅಂತ ಗುರುಗಳ ಮುಂದೆ ಪಾಪನಿವೇದನೆ ಮಾಡುತ್ತೇನೆ, ಆದರೂ ಸಮಾಧಾನ ಇಲ್ಲ. ನಾನು, ನನ್ನ ಹೆಂಡತಿ ಶಿವಮೊಗ್ಗದಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತೇವೆ. ಅಲ್ಲಿ ಎಲ್ಲರೂ ‘ದೇವರು ನನ್ನ ಹತ್ತಿರ ಮಾತಾಡಿದರು’ ಅನ್ನುತ್ತಾರೆ. ನನಗೆ ಒಂದು ಶಬ್ದವೂ ಕೇಳಿಸುವುದಿಲ್ಲ. ಪ್ರಾರ್ಥನೆಗೆ ಕೂತ ಕೂಡಲೇ ತಂಗಿಯ ಮುಖ ಬರುತ್ತದೆ, ತೋಟದ ಲೆಕ್ಕ ಬರುತ್ತದೆ, ಅಲ್ಲಿಗೆ ಪ್ರಾರ್ಥನೆ ಮುರಿಯುತ್ತದೆ. ಒಬ್ಬ ಬೋಧಕರು ತಲೆ ಮೇಲೆ ಕೈಯಿಟ್ಟು ‘ಎಲ್ಲಾ ಕ್ಷಮಿಸಿ ಆಗಿದೆ, ಹಿಂದಿನದನ್ನು ಮರೆತುಬಿಡು’ ಅಂದರು. ಹಾಗಾದರೆ ಈ ಯೋಚನೆ ಸೈತಾನನ ಕಾಟವಾ? ಇದನ್ನು ಓಡಿಸುವುದು ಹೇಗೆ? ಕೂಟದಲ್ಲಿ ಸಾಕ್ಷಿ ಹೇಳಿದರೆ ಮನಸ್ಸು ಹಗುರ ಆಗುತ್ತದಾ?

ಉತ್ತರ:

ಓಡಿಸಬೇಡಿ. ಮೊದಲು ಹೇಳಬೇಕಾದ್ದು ಇದೇ. ದೇವರು ಮಾತಾಡುತ್ತಿಲ್ಲ ಅಂತ ಪತ್ರದ ತುಂಬ ಬರೆದಿದ್ದೀರಿ, ಆದರೆ ಅದೇ ಪತ್ರದಲ್ಲಿ, ಕೂತಾಗಲೆಲ್ಲ ಒಂದೇ ಮುಖ, ಒಂದೇ ಲೆಕ್ಕ ಎದುರಿಗೆ ಬರುತ್ತದೆ ಅಂತಲೂ ಬರೆದಿದ್ದೀರಿ. ನಾನು ಓದಿದ ಮಟ್ಟಿಗೆ ನಿಮಗೆ ಕೇಳಿಸುತ್ತಿದೆ, ಚೆನ್ನಾಗಿಯೇ ಕೇಳಿಸುತ್ತಿದೆ. ಕೇಳಿಸಿದ್ದು ನಿಮಗೆ ಬೇಕಾದ ಮಾತಾಗಿರಲಿಲ್ಲ, ಅಷ್ಟೇ.

ಸಮುವೇಲನ ಕತೆ ನಿಮಗೆ ಗೊತ್ತು. ರಾತ್ರಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಹುಡುಗ ಎದ್ದು ದೇವಾಲಯದ ಮುದಿ ಯಾಜಕ ಏಲಿಯ ಹತ್ತಿರ ಓಡುತ್ತಾನೆ, ಹೀಗೆ ಮೂರು ಸಲ. ನಾವೆಲ್ಲ ಧರ್ಮೋಪದೇಶದ ಕ್ಲಾಸಿನಲ್ಲಿ ‘ಮಾತಾಡಿ ಪ್ರಭುವೇ, ನಿಮ್ಮ ದಾಸ ಕೇಳುತ್ತಿದ್ದಾನೆ’ ಅನ್ನುವಲ್ಲಿಗೆ ಕತೆ ನಿಲ್ಲಿಸಿಬಿಡುತ್ತೇವೆ. ಚಿತ್ರದಲ್ಲೂ ಅಷ್ಟೇ, ಮಂಡಿಯೂರಿ ಕೈ ಮುಗಿದ ಹುಡುಗ. ಆಮೇಲೆ ದೇವರು ಏನು ಹೇಳಿದರು ಅಂತ ಎಷ್ಟು ಜನಕ್ಕೆ ನೆನಪಿದೆ? ಏಲಿಯ ಮಕ್ಕಳು ದೇವಾಲಯದಲ್ಲೇ ಕೂತು ಜನರ ಕಾಣಿಕೆ ಕಬಳಿಸುತ್ತಿದ್ದರು, ಅಪ್ಪನಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ತಡೆಯಲಿಲ್ಲ, ಹಾಗಾಗಿ ಆ ಮನೆತನಕ್ಕೆ ಶಿಕ್ಷೆ ಇದೆ — ಇದು ಆ ಮಾತು. ತನ್ನನ್ನು ಸಾಕಿದ ಮುದುಕನಿಗೆ ಇದನ್ನು ಹೇಗೆ ಹೇಳುವುದು ಅಂತ ಹುಡುಗ ಹೆದರಿ ಬೆಳಗಿನ ತನಕ ಮಲಗಿಯೇ ಇದ್ದ. ದೇವರ ಧ್ವನಿ ಅಂದ ಕೂಡಲೇ ಸೈಟ್ ತಗೊಳ್ಳಲಾ ಬೇಡವಾ, ಮಗಳಿಗೆ ಯಾವ ಕಾಲೇಜು ಅನ್ನೋದಕ್ಕೆ ಉತ್ತರ ಸಿಗುತ್ತದೆ ಅಂತ ಕಾಯುವವರು ಈ ಭಾಗ ಒಮ್ಮೆ ಓದಬೇಕು. 1 ಸಮುವೇಲ, 3ನೇ ಅಧ್ಯಾಯ. ಅಲ್ಲಿ ಬರುವ ಮೊದಲ ಮಾತೇ ಬೇರೆಯವರದನ್ನು ತಿಂದ ಒಂದು ಮನೆಯ ಬಗ್ಗೆ.

ಪ್ರವಾದಿ ಎಲೀಯನದೂ ಹಾಗೇ. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲ ಆಗಿ ಕೊನೆಗೆ ಒಂದು ಸಣ್ಣ ಸ್ವರ. ಆ ಸಣ್ಣ ಸ್ವರದ ಬಗ್ಗೆ ಎಷ್ಟೋ ಬೋಧನೆ ಕೇಳಿದ್ದೇವೆ. ಅದು ಹೇಳಿದ್ದು ಮಾತ್ರ ಬಹಳ ವ್ಯವಹಾರದ ಮಾತು: ಇಲ್ಲೇನು ಮಾಡುತ್ತಿದ್ದೀಯ? ವಾಪಸ್ ಹೋಗು, ಇಂಥವನನ್ನು ಅಭಿಷೇಕ ಮಾಡು, ಇಂಥವನನ್ನು ನಿನ್ನ ಜಾಗಕ್ಕೆ ತಗೋ. ಒಂದು ಪ್ರಶ್ನೆ, ಒಂದಿಷ್ಟು ಕೆಲಸ. ನಿಮಗೂ ಸಿಕ್ಕಿರುವುದು ಅದೇ ಅಲ್ವಾ?

ಹಾಗಂತ ಮನಸ್ಸಿಗೆ ಬಂದದ್ದೆಲ್ಲ ದೇವರ ಮಾತು ಅಂತ ನಾನು ಹೇಳುತ್ತಿಲ್ಲ. ಬರುವ ಪ್ರೇರಣೆಗಳನ್ನೆಲ್ಲ ನಂಬಬೇಡಿ, ಪರೀಕ್ಷೆ ಮಾಡಿ ಅಂತ ಯೋಹಾನ ತನ್ನ ಮೊದಲ ಪತ್ರದಲ್ಲೇ ಬರೆದ. ಪರೀಕ್ಷೆ ಹೇಗೆ ಅನ್ನುವುದಕ್ಕೆ ಸಂತ ಇಗ್ನೇಷಿಯಸ್ ಲೊಯೋಲ ಒಳ್ಳೆಯ ದಾರಿ ಹಾಕಿಕೊಟ್ಟಿದ್ದಾರೆ. ಅವರು ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಕಾಲಿಗೆ ಬಿತ್ತು, ತಿಂಗಳುಗಟ್ಟಲೆ ಮಲಗಿದರು. ಮಲಗಿದವನಿಗೆ ಹಗಲುಗನಸು ಬಿಟ್ಟು ಬೇರೇನು ಕೆಲಸ? ರಾಜಕುಮಾರಿಯ ಮುಂದೆ ಪರಾಕ್ರಮ ತೋರಿಸುವ ಕನಸು ಕಾಣುವಾಗ ಖುಷಿ, ಮುಗಿದ ಮೇಲೆ ಬರೀ ಬೇಸರ. ಸಂತರ ಹಾಗೆ ಬದುಕಬೇಕು ಅನ್ನುವ ಯೋಚನೆ ಬಂದಾಗಲೂ ಖುಷಿ, ಆದರೆ ಅದು ಮುಗಿದ ಮೇಲೂ ಮನಸ್ಸು ತಣ್ಣಗೇ ಇರುತ್ತಿತ್ತು. ಈ ವ್ಯತ್ಯಾಸ ಗಮನಿಸಿದಲ್ಲಿಂದ ಅವರ ದಾರಿ ಶುರು.

ಮುಂದೆ ಅವರು ಬರೆದ ನಿಯಮಗಳಲ್ಲಿ ಮೊದಲ ಎರಡು ನಿಮಗೆ ನೇರವಾಗಿ ಬೇಕಾದವು. ಒಬ್ಬ ಮನುಷ್ಯ ತಪ್ಪಿನಿಂದ ತಪ್ಪಿಗೆ ಜಾರುತ್ತಿದ್ದರೆ, ಕೆಟ್ಟ ಪ್ರೇರಣೆ ಅವನ ಬೆನ್ನು ತಟ್ಟುತ್ತದೆ, ಏನೂ ಆಗಿಲ್ಲ ಆರಾಮಾಗಿರು ಅನ್ನುತ್ತದೆ. ಒಳ್ಳೆಯದು ಚುಚ್ಚುತ್ತದೆ. ಅದೇ ಮನುಷ್ಯ ತಿದ್ದಿಕೊಳ್ಳಲು ಹೊರಟರೆ ಎಲ್ಲ ತಿರುಗುಮುರುಗು: ಈಗ ಒಳ್ಳೆಯದು ಧೈರ್ಯ ಹೇಳುತ್ತದೆ, ಕೆಟ್ಟದ್ದು ಇಲ್ಲದ ನೆಪ ತಂದು ಕಾಡುತ್ತದೆ. ಈಗ ನಿಮ್ಮ ವಿಷಯಕ್ಕೆ ಬನ್ನಿ. ತಂಗಿಯ ಮುಖ ಚುಚ್ಚುತ್ತದೆ. ‘ಅವಳೇ ಸಹಿ ಹಾಕಿದಳಲ್ಲ, ಅವಳೇನು ಕೇಳಿದಳಾ, ಮದುವೆಗೆ ಚಿನ್ನ ಹಾಕಿದ್ದೇವಲ್ಲ’ ಅನ್ನುವ ಸಮಾಧಾನದ ಮಾತುಗಳೂ ಬರುತ್ತಿರಬೇಕು. ಪತ್ರದಲ್ಲಿ ನೀವು ಬರೆದಿಲ್ಲ, ಆದರೆ ತೋಟದ ಪಾಲಿನ ಜಗಳಗಳ ಮಧ್ಯೆ ಸಾಕಷ್ಟು ಕೂತವನಾಗಿ ಈ ಮೂರೂ ಮಾತು ಬಂದಿಲ್ಲ ಅಂದರೆ ನಾನು ನಂಬುವುದಿಲ್ಲ. ಇವೆರಡರಲ್ಲಿ ಸೈತಾನನ ಮಾತು ಯಾವುದು, ನೀವೇ ಹೇಳಿ.

ಇನ್ನೊಂದು ಗುರುತೂ ಇದೆ. ದೇವರಿಂದ ಬರುವ ಚುಚ್ಚು ಗುರಿಯಿಟ್ಟು ಚುಚ್ಚುತ್ತದೆ. ಇಂಥ ಕೆಲಸ, ಇಂಥ ವ್ಯಕ್ತಿ, ಇಷ್ಟು ದುಡ್ಡು. ‘ನೀನು ಕೆಟ್ಟವನು, ನಿನಗೆ ಗತಿ ಇಲ್ಲ, ನಿನ್ನ ಪ್ರಾರ್ಥನೆ ಯಾರೂ ಕೇಳುವುದಿಲ್ಲ’ ಅಂತ ಮಂಜಿನ ಹಾಗೆ ಇಡೀ ಮೈಗೆ ಕವಿಯುವ ಮಾತು ಬೇರೆ. ಅದರಿಂದ ಮಾಡಬೇಕಾದ ಕೆಲಸವೇನೂ ಕಾಣುವುದಿಲ್ಲ, ಬರೀ ಕುಸಿತ. ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಎರಡು ಥರದ ದುಃಖ ಅಂದದ್ದು ಇದನ್ನೇ, ಒಂದು ಬದುಕಿಗೆ ತಿರುಗಿಸುತ್ತದೆ, ಇನ್ನೊಂದು ಸಾವಿಗೆ ತಳ್ಳುತ್ತದೆ. ನಿಮ್ಮದು ಮೊದಲನೆಯದು. ಎಷ್ಟು ಸ್ಪಷ್ಟ ನೋಡಿ, ಭದ್ರಾವತಿ ಅಂತ ಊರಿನ ಹೆಸರೂ ಇದೆ.

ಈಗ ರಾಜ ದಾವೀದನ ವಿಷಯ. ಪಶ್ಚಾತ್ತಾಪ ಅಂದ ಕೂಡಲೇ ಎಲ್ಲರೂ 51ನೇ ಕೀರ್ತನೆ ಹಿಡಿಯುತ್ತಾರೆ. ಹಿಡಿಯಬೇಕಾದ್ದೇ, ಧರ್ಮಸಭೆಯ ಬೆಳಗಿನ ಪ್ರಾರ್ಥನಾವಿಧಿಯಲ್ಲಿ ಶುಕ್ರವಾರಗಳಂದು ಇದು ತಪ್ಪದೆ ಬರುತ್ತದೆ. ಆದರೆ ಅದರಲ್ಲಿ ‘ನಿನಗೊಬ್ಬನಿಗೇ ದ್ರೋಹ ಮಾಡಿದೆ’ ಅಂತ ಒಂದು ಸಾಲು ಇದೆಯಲ್ಲ, ಅದನ್ನು ಹಿಡಿದುಕೊಂಡು ತಪ್ಪಿಸಿಕೊಳ್ಳುವವರು ಬಹಳ. ದೇವರ ಹತ್ತಿರ ಅತ್ತಾಯಿತು, ಇನ್ನು ಮನುಷ್ಯರ ಹತ್ತಿರ ಯಾಕೆ ಅಂತ. ಅವರು ಒಂದು ವಿಷಯ ಮರೆಯುತ್ತಾರೆ. ದಾವೀದ ಮೋಸ ಮಾಡಿದ್ದು ಊರೀಯ ಅನ್ನುವ ಸೈನಿಕನಿಗೆ, ಹೆಂಡತಿಯನ್ನು ಕಿತ್ತುಕೊಂಡು ಅವನನ್ನು ಯುದ್ಧದ ಮುಂದಿನ ಸಾಲಿಗೆ ಹಾಕಿಸಿ ಕೊಲ್ಲಿಸಿದ. ಪ್ರವಾದಿ ನಾತಾನ ಬಂದು ಎದುರು ನಿಲ್ಲುವ ಹೊತ್ತಿಗೆ ಊರೀಯ ಮಣ್ಣಾಗಿ ಬಹಳ ದಿನವಾಗಿತ್ತು. ದಾವೀದ ಯಾರ ಮನೆ ಬಾಗಿಲಿಗೆ ಹೋಗಬೇಕಿತ್ತು? ಯಾರಿಗೆ ಏನು ವಾಪಸ್ ಕೊಡಬೇಕಿತ್ತು? ಬಾಗಿಲೇ ಇರಲಿಲ್ಲ. ನಿಮ್ಮ ತಂಗಿ ಬದುಕಿದ್ದಾರೆ. ಶಿವಮೊಗ್ಗಕ್ಕೆ ಕೂಟಕ್ಕೆ ಬಂದವರು ಅದೇ ದಿನ ಭದ್ರಾವತಿಗೆ ಹೋಗಿ ರಾತ್ರಿ ಊಟಕ್ಕೆ ಮನೆ ಸೇರಬಹುದು, ಅಷ್ಟು ಹತ್ತಿರ. ದಾವೀದನಿಗೆ ಸಿಗದೇ ಹೋದದ್ದು ನಿಮಗೆ ಸಿಕ್ಕಿದೆ.

ನಾತಾನ ಹೇಳಿದ ಕತೆಯಲ್ಲೂ ನಿಮಗೆ ವಿಷಯ ಇದೆ. ಶ್ರೀಮಂತನೊಬ್ಬ ಬಡವನ ಮನೆಯಲ್ಲಿ ಮಗಳ ಹಾಗೆ ಬೆಳೆದ ಒಂದೇ ಒಂದು ಕುರಿಮರಿಯನ್ನು ಎತ್ತಿಕೊಂಡು ಹೋಗಿ ನೆಂಟರಿಗೆ ಅಡುಗೆ ಮಾಡಿಸಿದ ಅಂತ ಕತೆ. ಕೇಳಿದ ದಾವೀದ ಕೆಂಡವಾದ, ‘ಅವನು ನಾಲ್ಕರಷ್ಟು ಕೊಡಬೇಕು’ ಅಂದ. ಕದ್ದ ಕುರಿಗೆ ನಾಲ್ಕರಷ್ಟು ಅಂತ ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿ ಇರುವ ನಿಯಮ. ಶತಮಾನಗಳು ಕಳೆದ ಮೇಲೆ ಜೆರಿಕೋದಲ್ಲಿ ಸುಂಕದ ಜಕ್ಕಾಯ, ಯಾರಿಂದ ಮೋಸ ಮಾಡಿ ತಗೊಂಡಿದ್ದರೂ ನಾಲ್ಕರಷ್ಟು ಕೊಡುತ್ತೇನೆ ಅಂದ. ಅಂದರೆ ದಾವೀದ ಬೇರೆಯವನಿಗೆ ಕೊಟ್ಟ ತೀರ್ಪನ್ನು ಜಕ್ಕಾಯ ತನಗೆ ತಾನೇ ಕೊಟ್ಟುಕೊಂಡ. ಲೂಕನ 19ನೇ ಅಧ್ಯಾಯ ಓದುವಾಗ ಒಂದು ವಿಷಯ ಮಾತ್ರ ಬಿಡಬೇಡಿ: ಯೇಸು ‘ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು’ ಅಂದದ್ದು ಮೊದಲು, ಜಕ್ಕಾಯ ದುಡ್ಡಿನ ಮಾತು ಎತ್ತಿದ್ದು ಆಮೇಲೆ. ಜಕ್ಕಾಯ ದುಡ್ಡು ಕೊಟ್ಟು ಕ್ಷಮೆ ಕೊಂಡುಕೊಳ್ಳಲಿಲ್ಲ. ಮನೆಗೆ ಬಂದವರನ್ನು ನೋಡಿ ಅವನ ಕೈ ಸಡಿಲವಾಯಿತು. ಹಾಗಾಗಿ ತಂಗಿಗೆ ಕೊಟ್ಟರೆ ದೇವರು ಕ್ಷಮಿಸುತ್ತಾರೆ ಅಂತ ವ್ಯಾಪಾರದ ಲೆಕ್ಕ ಹಾಕಬೇಡಿ. ದೇವರ ಕಡೆಯಿಂದ ಬಾಗಿಲು ಎಂದೋ ತೆರೆದಿದೆ, ಅದರೊಳಗೆ ಕಾಲಿಡಬೇಕಾದರೆ ಕೈಯಲ್ಲಿ ಹಿಡಿದುಕೊಂಡ ತಂಗಿಯ ಪಾಲು ಕೆಳಗಿಡಬೇಕು.

ಆ ಬೋಧಕರ ಮಾತು. ‘ಎಲ್ಲಾ ಕ್ಷಮಿಸಿ ಆಗಿದೆ, ಮರೆತುಬಿಡು.’ ಅವರಿಗೆ ನಿಮ್ಮ ಕತೆ ಗೊತ್ತಿರಲಿಲ್ಲ, ಹಾಗಾಗಿ ಅವರನ್ನು ಬೈಯುವುದಿಲ್ಲ. ಆದರೆ ಕ್ಯಾಥೊಲಿಕ್ ಧರ್ಮಸಭೆ ಹಾಗೆ ಕಲಿಸುವುದಿಲ್ಲ. ಮನಸ್ಸಿನ ದುಃಖ, ಬಾಯಿಬಿಟ್ಟು ಹೇಳುವುದು, ಆದ ನಷ್ಟ ತುಂಬಿಕೊಡುವುದು, ಈ ಮೂರೂ ಪಾಪನಿವೇದನೆಗೆ ಹೋಗುವವನ ಪಾಲಿನ ಕೆಲಸ ಅಂತ 1551ರಲ್ಲಿ ಟ್ರೆಂಟ್ ಮಹಾಸಭೆ ಹೇಳಿತು. 1992ರಲ್ಲಿ ಬಂದ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ 1459ನೇ ಪ್ಯಾರಾ ಇನ್ನೂ ನೇರ: ಪಾಪಕ್ಷಮೆ ಪಾಪವನ್ನು ತೆಗೆಯುತ್ತದೆ, ಪಾಪದಿಂದ ಆದ ಹಾಳನ್ನೆಲ್ಲ ಸರಿಮಾಡುವುದಿಲ್ಲ, ಕದ್ದದ್ದನ್ನು ವಾಪಸ್ ಕೊಡುವಂಥದ್ದು ನಿಮ್ಮ ಕೈಲಾದಷ್ಟು ನೀವೇ ಮಾಡಬೇಕು. ಇದು ಹೊಸದೇನೂ ಅಲ್ಲ. ಸಂತ ಅಗಸ್ಟೀನ್ 5ನೇ ಶತಮಾನದಲ್ಲಿ ಒಬ್ಬ ಅಧಿಕಾರಿಗೆ ಬರೆದ ಕಾಗದದಲ್ಲಿ, ವಾಪಸ್ ಕೊಡಲು ಸಾಧ್ಯವಿದ್ದೂ ಕೊಡದೆ ಪಶ್ಚಾತ್ತಾಪ ಪಟ್ಟರೆ ಅದು ಪಶ್ಚಾತ್ತಾಪದ ನಟನೆ ಅಂತಲೇ ಅಂದಿದ್ದಾರೆ. ಪ್ರೊಟೆಸ್ಟೆಂಟರಲ್ಲಿ ಗುರುಗಳ ಮುಂದೆ ಹೋಗಿ ಹೇಳುವ ಕಡ್ಡಾಯ ಇಲ್ಲ ನಿಜ, ಆದರೆ 1517ರಲ್ಲಿ ಲೂಥರ್ ಬರೆದ 95 ವಾದಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪ ಆಗಬೇಕು ಅನ್ನುವುದು. ಈ ವಿಷಯದಲ್ಲಿ ಯಾವ ಚರ್ಚಿಗೆ ಹೋದರೂ ನಿಮಗೆ ರಿಯಾಯಿತಿ ಸಿಗುವುದಿಲ್ಲ.

ಇನ್ನು ನೀವು ಗುರುಗಳಿಗೆ ಹೇಳಿದ್ದಾದರೂ ಏನು? ‘ಮನೆಯವರ ಜೊತೆ ಪ್ರೀತಿಯಿಂದ ಇರಲಿಲ್ಲ.’ ಕ್ಷಮಿಸಿ, ಇದನ್ನು ಓದಿ ನನಗೆ ನಗು ಬಂತು. ತಪಸ್ಸುಕಾಲದ ಕೊನೇ ವಾರ ಆ ಸಾಲಿನಲ್ಲಿ ನಿಂತ ಅರ್ಧ ಜನ ಹೇಳುವುದು ಇದನ್ನೇ. ಇದರೊಳಗೆ ಎಕರೆ ತೋಟ ಇದೆ, ರಿಜಿಸ್ಟರ್ ಆದ ಪತ್ರ ಇದೆ, ಕೊಟ್ಟ ಮಾತು ಇದೆ ಅಂತ ಜಾಲರಿಯ ಆಚೆ ಕೂತ ಗುರುಗಳಿಗೆ ಹೇಗೆ ಗೊತ್ತಾಗಬೇಕು? ಮೂರು ನಮೋ ಮರಿಯ ಹೇಳು ಅಂತ ಕಳಿಸುತ್ತಾರೆ, ನೀವು ಬರೀ ಸಿಟ್ಟು ಮಾಡಿಕೊಂಡವರಿಗೆ ಕೊಡುವ ಪ್ರಾಯಶ್ಚಿತ್ತ ತಗೊಂಡು ಬರುತ್ತೀರಿ. ಸಮಾಧಾನ ಎಲ್ಲಿಂದ ಬರುತ್ತದೆ? ತೋಟ ಮಾಡುವವರು ನೀವು, ಬಸಿಗಾಲುವೆ ಕಟ್ಟಿಕೊಂಡು ಬುಡದಲ್ಲಿ ನೀರು ನಿಂತಿರುವಾಗ ಮೇಲೆ ಎಷ್ಟು ಗೊಬ್ಬರ ಸುರಿದರೂ ಬೇರು ಕೊಳೆಯುವುದೇ ಅಂತ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಕೂಟ, ಉಪವಾಸ, ಜಪಸರ ಎಲ್ಲ ಜಾಸ್ತಿ ಮಾಡುತ್ತಾ ಹೋಗಿದ್ದೀರಿ. ನಾನಾಗಿದ್ದರೆ ಸ್ವಲ್ಪ ದಿನ ಅದನ್ನು ಹೆಚ್ಚಿಸುವುದು ನಿಲ್ಲಿಸಿ, ಮೊದಲು ಕಾಲುವೆಗೆ ಗುದ್ದಲಿ ಹಾಕುತ್ತಿದ್ದೆ. ಕಾಣಿಕೆ ಪೀಠದ ಮುಂದೆಯೇ ಇಟ್ಟು ಹೋಗು, ಮೊದಲು ಸಹೋದರನ ಜೊತೆ ರಾಜಿಯಾಗಿ ಬಾ ಅಂತ ಯೇಸು ಹೇಳಿದ್ದು ಮತ್ತಾಯನ 5ನೇ ಅಧ್ಯಾಯದಲ್ಲಿದೆ, ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಎದ್ದು ಹೋಗುವುದಕ್ಕೆ ಅದಕ್ಕಿಂತ ದೊಡ್ಡ ಅಪ್ಪಣೆ ಬೇಡ.

ಸಹಿ, ಚಿನ್ನ ಈ ವಾದಗಳ ಬಗ್ಗೆ ಸ್ವಲ್ಪ ಕಾನೂನು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಬರೆಯದೆ ತೀರಿಕೊಂಡವರಿಗೆ ಗಂಡ ಅಥವಾ ಹೆಂಡತಿ ಇಲ್ಲದೆ ಮಕ್ಕಳು ಮಾತ್ರ ಇದ್ದರೆ, ಗಂಡು ಹೆಣ್ಣು ಭೇದವಿಲ್ಲದೆ ಸಮಪಾಲು. ನೀವಿಬ್ಬರೇ ಮಕ್ಕಳಾಗಿದ್ದರೆ ಅರ್ಧ ತೋಟ ತಂಗಿಯದು. ‘ಮದುವೆಗೆ ಹಾಕಿದ ಚಿನ್ನ’ದ ಲೆಕ್ಕವೂ ಅಲ್ಲಿ ನಿಲ್ಲುವುದಿಲ್ಲ. ತಂದೆ ಬದುಕಿದ್ದಾಗ ಮಕ್ಕಳಿಗೆ ಕೊಟ್ಟದ್ದನ್ನು ಪಾಲಿನಲ್ಲಿ ಕಳೆಯುವಂತಿಲ್ಲ ಅಂತ ಅದೇ ಕಾಯ್ದೆಯ 49ನೇ ಕಲಂ ಹೇಳುತ್ತದೆ. ಹಕ್ಕು ಬಿಡುಗಡೆ ಪತ್ರ ಆದ ಮೇಲೆ ಕಾಗದದ ಪ್ರಕಾರ ತೋಟ ನಿಮ್ಮದು, ಕೋರ್ಟಿಗೆ ಹೋದರೆ ನೀವೇ ಗೆಲ್ಲಬಹುದು. ಆದರೆ ಆ ಸಹಿಗೆ ಬದಲಾಗಿ ನೀವು ಕೊಟ್ಟದ್ದು ಒಂದು ಮಾತು ಮಾತ್ರ, ಆ ಮಾತು ಇನ್ನೂ ಬಾಕಿ ಇದೆ. ತಂಗಿ ಕೇಳಲಿಲ್ಲ ಅನ್ನುವುದನ್ನು ಬಿಟ್ಟುಕೊಟ್ಟಳು ಅಂತ ಓದಬೇಡಿ. ತವರಿಗೆ ಬರುವ ದಾರಿ ಮುಚ್ಚಿಹೋಗುತ್ತದೆ ಅಂತ ಹೆದರಿ ಬಾಯಿ ಕಟ್ಟಿಕೊಂಡ ಹೆಣ್ಣುಮಕ್ಕಳು ನಮ್ಮ ಮಲೆನಾಡಿನಲ್ಲಿ ಮನೆಗೊಬ್ಬರು ಸಿಗುತ್ತಾರೆ, ಯಾವ ಧರ್ಮದವರೇ ಆಗಲಿ.

ಹೋಗುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕೆಡಿಸುವವರೇ ಜಾಸ್ತಿ. ಮೊದಲು ಹೆಂಡತಿಗೆ ಹೇಳಿ. ಪೂರ್ತಿ ಹೇಳಿ. ಆ ಮನೆ, ಆ ಕಾರು ಅವರದೂ ಹೌದು, ಅವರನ್ನು ಕತ್ತಲೆಯಲ್ಲಿಟ್ಟು ಧರ್ಮ ಮಾಡಲು ಹೊರಟರೆ ಇನ್ನೊಂದು ಅನ್ಯಾಯ ಆಗುತ್ತದೆ. ಆಮೇಲೆ ಮೊತ್ತ ಲೆಕ್ಕ ಹಾಕಿ, ಕಾಗದದ ಮೇಲೆ. ‘ಏನಾದರೂ ಕೊಡುತ್ತೇನೆ’ ಅಂತ ಹೋಗಬೇಡಿ, ಅದು ಮತ್ತೊಂದು ‘ರೇಟು ಬಂದಾಗ ನೋಡೋಣ’. ಮೋಸದಿಂದ ಇಟ್ಟುಕೊಂಡದ್ದನ್ನು ಪೂರ್ತಿ ಕೊಟ್ಟು ಮೇಲೆ ಐದರಲ್ಲೊಂದು ಭಾಗ ಸೇರಿಸು ಅಂತ ಯಾಜಕಕಾಂಡದ 6ನೇ ಅಧ್ಯಾಯದಲ್ಲಿದೆ, ಆ ಅಳತೆ ನನಗೆ ಸರಿ ಅನ್ನಿಸುತ್ತದೆ, ಅಷ್ಟು ವರ್ಷ ಅವರ ದುಡ್ಡು ನಿಮ್ಮ ಕೈಯಲ್ಲಿ ದುಡಿದಿದೆ. ಒಂದೇ ಸಲ ಆಗದಿದ್ದರೆ ಕಂತು ಮಾಡಿ. ಆದರೆ ಕಂತಿಗೆ ತಾರೀಕು ಇರಲಿ, ಬರಹದಲ್ಲಿ ಇರಲಿ. ‘ಈ ಸಲ ಕೊಳೆ ರೋಗ ಬಂತು, ಮುಂದಿನ ಕೊಯ್ಲಿಗೆ’ ಅನ್ನುವುದಕ್ಕೆ ಜಾಗ ಇಡಬೇಡಿ. ಕೊಳೆ ಪ್ರತಿ ಮಳೆಗಾಲಕ್ಕೂ ಏನಾದರೊಂದು ರೂಪದಲ್ಲಿ ಬರುತ್ತದೆ, ರಾಶಿ ಇಡಿ ಅಡಿಕೆಯ ರೇಟು ಮಂಡಿಯಲ್ಲಿ ಎಂದೂ ನಮಗೆ ಸಾಕು ಅನ್ನುವಷ್ಟು ಇರುವುದಿಲ್ಲ. ದುಡ್ಡಾ, ಜಮೀನಾ, ದಾನಪತ್ರವಾ, ತೆರಿಗೆ ಏನು, ಇದನ್ನೆಲ್ಲ ಒಬ್ಬ ವಕೀಲರ ಹತ್ತಿರ ಕೇಳಿ. ಅದು ಪ್ರಾರ್ಥನೆಯಲ್ಲಿ ಕೇಳುವ ವಿಷಯ ಅಲ್ಲ.

ಹೋಗುವಾಗ ಇಬ್ಬರೇ ಕೂತು ಮಾತಾಡುವ ಹಾಗೆ ಹೋಗಿ. ಭಾವನ ಎದುರು, ಮಕ್ಕಳ ಎದುರು ಬೇಡ. ಆಮೇಲೆ ಭಾವನಿಗೆ ಹೇಳುವುದು ಬಿಡುವುದು ತಂಗಿಯ ಇಷ್ಟ. ಬೈಬಲ್ ವಾಕ್ಯ ಹೇಳಬೇಡಿ. ‘ದೇವರು ನನಗೆ ಹೇಳಿದರು, ಅದಕ್ಕೆ ಬಂದೆ’ ಅಂತ ಮಾತ್ರ ಖಂಡಿತ ಅನ್ನಬೇಡಿ, ಹಾಗಂದರೆ ನೀವಾಗಿ ಬಂದಿಲ್ಲ ಅಂತ ಆಗುತ್ತದೆ, ಅವರು ಬೈಯಬೇಕೆಂದರೂ ದೇವರನ್ನು ಬೈದ ಹಾಗಾಗುತ್ತದೆ. ‘ನಿನ್ನ ಪಾಲು ನಾನು ಇಟ್ಟುಕೊಂಡೆ. ಕೊಡುತ್ತೇನೆ ಅಂದು ಕೊಡಲಿಲ್ಲ. ತಪ್ಪು ನಂದು. ಲೆಕ್ಕ ಇದು.’ ಇಷ್ಟು ಸಾಕು. ಮನೆ ಕಟ್ಟುವಾಗ ಸಾಲ ಆಗಿತ್ತು, ಮಗನ ಫೀಸು ಇತ್ತು ಅಂತ ಶುರು ಮಾಡಿದರೆ ಕ್ಷಮೆ ಕೇಳುವುದು ಹೋಗಿ ಕನಿಕರ ಕೇಳಿದ ಹಾಗಾಗುತ್ತದೆ. ಅವರು ಅಳಬಹುದು, ಬೈಯಬಹುದು, ‘ಬೇಡ ಅಣ್ಣ, ಇರಲಿ ಬಿಡು’ ಅನ್ನಬಹುದು. ಬೇಡ ಅಂದ ಕೂಡಲೇ ಮನಸ್ಸಿನೊಳಗೆ ಉಸ್ಸಪ್ಪ ಅನ್ನಿಸಿದರೆ ಹುಷಾರು. ಒಂದು ಸಲ ಬೇಡ ಅಂದದ್ದು ಸಂಕೋಚಕ್ಕಿರುತ್ತದೆ. ಹಣ ಅವರ ಖಾತೆಗೆ ಹೋಗಲಿ, ಅದನ್ನು ಏನು ಮಾಡಬೇಕು ಅಂತ ಅವರು ನೋಡಿಕೊಳ್ಳುತ್ತಾರೆ. ಕ್ಷಮಿಸಿದೆ ಅಂತ ಅವರ ಬಾಯಿಂದ ಬರಲೇಬೇಕು ಅಂತ ಕಾಯಬೇಡಿ. ವರ್ಷಗಳ ಕಾಲ ನುಂಗಿದ್ದನ್ನು ಒಂದು ಮಧ್ಯಾಹ್ನದಲ್ಲಿ ಯಾರೂ ಕ್ಷಮಿಸುವುದಿಲ್ಲ.

ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲ ಮುಗಿಯುವುದೂ ಇಲ್ಲ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಕೂಡ ಮೂವತ್ತು ಬೆಳ್ಳಿ ನಾಣ್ಯ ವಾಪಸ್ ಕೊಟ್ಟ. ‘ನಿರಪರಾಧಿಗೆ ದ್ರೋಹ ಮಾಡಿ ಪಾಪ ಮಾಡಿದೆ’ ಅಂತ ಸ್ಪಷ್ಟವಾಗಿಯೇ ಹೇಳಿದ, ನಿಮಗಿಂತ ಸ್ಪಷ್ಟವಾಗಿ. ಹೇಳಿದ್ದು ಮಾತ್ರ ಮುಖ್ಯಯಾಜಕರ ಹತ್ತಿರ. ಅವರು ‘ಅದು ನಮಗೇನು, ನೀನೇ ನೋಡಿಕೋ’ ಅಂದರು. ಅವನು ಒಬ್ಬನೇ ಹೋಗಿ ನೇಣು ಹಾಕಿಕೊಂಡ. ಯೇಸು ಸೆರೆಯಾದ ರಾತ್ರಿ ಪೇತ್ರನೂ ಮೂರು ಸಲ ಗುರುವನ್ನು ಅರಿಯೆನೆಂದ, ಹೊರಗೆ ಹೋಗಿ ಅತ್ತ, ಆದರೆ ಉಳಿದ ಶಿಷ್ಯರ ಜೊತೆಯಲ್ಲೇ ಇದ್ದ. ಆಮೇಲೆ ಕೆರೆಯ ದಡದಲ್ಲಿ ಮೀನು ಸುಟ್ಟು ಊಟಕ್ಕೆ ಕರೆದ ಯೇಸು, ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಕೇಳಿ ಅವನಿಗೆ ಕೆಲಸ ಒಪ್ಪಿಸಿದರು. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು ಅಂತ ತೂಕ ಹಾಕುವುದಕ್ಕೆ ಇದನ್ನು ಹೇಳುತ್ತಿಲ್ಲ. ಪಶ್ಚಾತ್ತಾಪ ಒಬ್ಬನೇ ಕೂತು ಮಾಡುವ ಕೆಲಸ ಆದಾಗ ಬಹಳ ಅಪಾಯ. ಲೆಕ್ಕ ತೀರಿಸಿದ ಮೇಲೂ ತಂಗಿಯ ಮನೆಗೆ ಹೋಗುತ್ತಾ ಬರುತ್ತಾ ಇರಿ, ಕೆಲಸ ಮುಗಿಯಿತು ಅಂತ ದೂರ ಆಗಬೇಡಿ. ಸಂಜೆ ತೇರ್ಸ್ (ಜಪಸರದ ಪ್ರಾರ್ಥನೆ) ಆದ ಮೇಲೆ ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಬೇಡುವ ಪದ್ಧತಿ ಘಟ್ಟ ಹತ್ತಿ ಬಂದ ಕೊಂಕಣಿ ಮನೆಗಳಲ್ಲಿ ಇನ್ನೂ ಇದೆ, ನಿಮ್ಮ ಮನೆಯಲ್ಲೂ ಇದ್ದಿರಬೇಕು. ಒಂದೇ ಅಪ್ಪನ ಕೈಯ ಆಶೀರ್ವಾದ ಇಬ್ಬರೂ ತಗೊಂಡವರು ನೀವು.

ಇಲ್ಲಿ ಬೇರೆ ಓದುಗರಿಗೆ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಪ್ರಾರ್ಥನೆಯಲ್ಲಿ ಏನೂ ಕೇಳಿಸದ ಎಲ್ಲರೂ ಏನೋ ಮುಚ್ಚಿಟ್ಟಿದ್ದಾರೆ ಅಂತ ಅರ್ಥ ಅಲ್ಲ. ಬೈಬಲಿನಲ್ಲಿ ತಪ್ಪಿಲ್ಲದೆ ಕಷ್ಟಪಟ್ಟ ಯೋಬನ ಸ್ನೇಹಿತರು ಇದೇ ತರ್ಕ ಹಿಡಿದು ಅವನ ಗಾಯಕ್ಕೆ ಉಪ್ಪು ಸವರಿದರು, ಕೊನೆಗೆ ದೇವರ ಸಿಟ್ಟಿಗೆ ಗುರಿಯಾದದ್ದು ಅವರೇ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತಿಗೆ ಗೊತ್ತಾಯಿತು, ಸುಮಾರು 50 ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ಬರೀ ಒಣಗು, ಬರೀ ಮೌನ. ಅಂಥವರಿಗೆ ನಾನು ಮೇಲೆ ಹೇಳಿದ್ದು ಯಾವುದೂ ಅನ್ವಯಿಸುವುದಿಲ್ಲ, ಸುಮ್ನೆ ತಮ್ಮನ್ನು ತಾವು ಕೆದಕಿಕೊಳ್ಳುವುದು ಬೇಡ. ಇನ್ನು ಕೆಲವರು ಇರುತ್ತಾರೆ, ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳುವವರು, ಪ್ರಾರ್ಥನೆಯ ಒಂದು ಪದ ತಪ್ಪಿದರೆ ಮೊದಲಿಂದ ಶುರು ಮಾಡುವವರು. ಅವರು ಗುರುಗಳ ಜೊತೆ ಒಬ್ಬ ಮನೋವೈದ್ಯರನ್ನೂ ನೋಡಲಿ. ನಾಚಿಕೆಯಾದರೆ ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ಫೋನಿನಲ್ಲೇ ಮಾತಾಡಬಹುದು.

ಕೂಟದಲ್ಲಿ ‘ದೇವರು ಮಾತಾಡಿದರು’ ಅನ್ನುವವರನ್ನು ನೋಡಿ ನೀವು ಕೀಳರಿಮೆ ಪಡುವುದಂತೂ ಬೇಡವೇ ಬೇಡ. ಪ್ರವಾದನೆಯನ್ನು ತಿರಸ್ಕರಿಸಬೇಡಿ, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಇಟ್ಟುಕೊಳ್ಳಿ ಅಂತ ಪೌಲ ಥೆಸಲೋನಿಕದವರಿಗೆ ಬರೆದ. ಎರಡೂ ಭಾಗ ಮುಖ್ಯ. ನಾನು ಇಟ್ಟುಕೊಂಡಿರುವ ಪರೀಕ್ಷೆ ಒರಟು: ಆ ಮಾತು ಕೇಳಿದವನಿಗೆ ಖರ್ಚು ಬಂತಾ, ಲಾಭ ಬಂತಾ? ಪ್ರತಿ ಸಲವೂ ಲಾಭವೇ ಬರುವ ಧ್ವನಿಯ ಬಗ್ಗೆ ನನಗೆ ಅನುಮಾನ.

ದಿನಾ ಕೂರುವುದಕ್ಕೆ ಒಂದು ಸರಳ ಕ್ರಮ ಬೇಕೆಂದರೆ, ಇಗ್ನೇಷಿಯಸ್ ಅವರದೇ ರಾತ್ರಿಯ ಪರಿಶೀಲನೆ ಇದೆ. ಕಾಲು ಗಂಟೆ ಸಾಕು. ದಿನದಲ್ಲಿ ಸಿಕ್ಕ ಒಳ್ಳೆಯದಕ್ಕೆ ಥ್ಯಾಂಕ್ಸ್ ಹೇಳಿ, ಸರಿಯಾಗಿ ನೋಡಲು ಬೆಳಕು ಕೇಳಿ, ಬೆಳಗಿನಿಂದ ಆದದ್ದನ್ನು ಒಂದೊಂದಾಗಿ ನೋಡುತ್ತಾ ಬನ್ನಿ, ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆಗೆ ಏನು ಮಾಡಬೇಕು ಅಂತ ಒಂದು ತೀರ್ಮಾನ ಮಾಡಿ. ಯಾರದೋ ಮುಖ ಅಡ್ಡ ಬಂದರೆ ಅಲ್ಲೇ ನಿಲ್ಲಿ, ಆ ಮುಖವನ್ನೇ ದೇವರ ಮುಂದಿಟ್ಟು ‘ಇವರಿಗೆ ನಾನೇನು ಬಾಕಿ’ ಅಂತ ಕೇಳಿ. ಪದ ಸಿಗದಿದ್ದರೂ ಪರವಾಗಿಲ್ಲ. ನಮಗೆ ಹೇಗೆ ಪ್ರಾರ್ಥಿಸಬೇಕೋ ಗೊತ್ತಿಲ್ಲದಾಗ ಪವಿತ್ರಾತ್ಮರೇ ನಿಟ್ಟುಸಿರಿನಲ್ಲಿ ನಮ್ಮ ಪರವಾಗಿ ಬೇಡುತ್ತಾರೆ ಅಂತ ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ.

ಸಾಕ್ಷಿಯ ವಿಷಯ. ಬೇಡ. ಮೈಕ್ ಹಿಡಿದು ಹೇಳಿದರೆ ಚಪ್ಪಾಳೆ ಬೀಳುತ್ತದೆ, ನಿಮಗೆ ಹಗುರವೂ ಆಗುತ್ತದೆ, ಆದರೆ ಅದು ನಿಮ್ಮೊಬ್ಬರ ಕತೆ ಅಲ್ಲ. ಭದ್ರಾವತಿಯ ಯಾರೋ ಕೂಟಕ್ಕೆ ಬಂದಿರುತ್ತಾರೆ, ಮಾರನೇ ದಿನ ತಂಗಿಗೆ ತನ್ನ ಮನೆಯ ವಿಷಯ ಬೇರೆಯವರ ಬಾಯಿಂದ ಗೊತ್ತಾಗುತ್ತದೆ. ಎಲ್ಲ ಮುಗಿದು, ಅವರಾಗಿ ‘ಹೇಳು ಅಣ್ಣ’ ಅಂದ ದಿನ ನೋಡೋಣ. ಅಲ್ಲಿಯ ತನಕ ಹೇಳಬೇಕಾದ ಜಾಗ ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ, ಪಾಪನಿವೇದನೆಯಲ್ಲಿ. ಹಬ್ಬದ ಹಿಂದಿನ ದಿನದ ಗದ್ದಲದಲ್ಲಿ ಬೇಡ, ಮೊದಲೇ ಫೋನ್ ಮಾಡಿ ಬೇರೆ ಟೈಮ್ ಕೇಳಿ, ಮುಂದಿನ ತಪಸ್ಸುಕಾಲದ ತನಕ ಕಾಯಬೇಡಿ. ಈ ಸಲ ತೋಟದ ವಿಸ್ತೀರ್ಣ, ಕೊಟ್ಟ ಮಾತು, ಬಾಕಿ ಇರುವ ಮೊತ್ತ, ಮೊದಲ ಕಂತಿನ ತಾರೀಕು, ಇಷ್ಟನ್ನೂ ಹೇಳಿ.